ಐಸ್ ತೊಟ್ಟಿಯ ಕೆಂಪು ಗೆರೆ

ಯಂತ್ರ ನೋಡಿಕೊಳ್ಳುವ ಓರ್ವಿಲ್ ಪೈಪು ಹಿಡಿದು ಐಸ್ ತೊಟ್ಟಿಯ ಏಣಿ ಹತ್ತುವುದನ್ನು ಕೊರಿನ್ ಹಾಲಿನ ಲಾರಿಯ ಮರೆಯಿಂದ ನೋಡಿದಳು. ಇದು ಸತತ ಮೂರನೆಯ ಸಂಜೆ.

ವಿಸ್ಕಾನ್ಸಿನ್‌ನ ಈ ಚೀಸ್ ಕಾರ್ಖಾನೆಗೆ ಅವಳು ಮ್ಯಾನೇಜರ್ ಆಗಿ ಬಂದದ್ದು ಮೇ ತಿಂಗಳಲ್ಲಿ, ಈ ಹೊಸ ತೊಟ್ಟಿಯ ಜೊತೆಗೇ. ರಾತ್ರಿ ಕರೆಂಟು ಅಗ್ಗ. ಆಗ ಯಂತ್ರ ತೊಟ್ಟಿಯ ನೀರನ್ನು ಐಸ್ ಮಾಡಬೇಕು. ಹಗಲು ಯಂತ್ರ ನಿಲ್ಲಿಸಿ, ಆ ಐಸ್ ಕರಗಿಸಿಯೇ ಹಾಲು ತಣಿಸಬೇಕು. ಹೆಪ್ಪುಗಟ್ಟಿದಂತೆಲ್ಲ ನೀರು ಉಬ್ಬಿ ಮೇಲೇರುತ್ತದೆ, ಕರಗಿದಂತೆಲ್ಲ ಇಳಿಯುತ್ತದೆ. ಕೆಂಪು ಗೆರೆ ಮುಟ್ಟಿತೋ, ತೊಟ್ಟಿ ತುಂಬ ಐಸ್ ಆಯಿತೆಂದು ಯಂತ್ರ ತಾನೇ ನಿಲ್ಲುತ್ತದೆ.

ಆದರೆ ಓರ್ವಿಲ್ ಮೀನು ಹಿಡಿಯಲು ರಜೆ ಹಾಕಿದರೆ, ಮರುದಿನ ಮಧ್ಯಾಹ್ನದೊಳಗೇ ಐಸ್ ಖಾಲಿ. ಅವನಿದ್ದರೆ ಸಂಜೆಯವರೆಗೂ ಬರುತ್ತಿತ್ತು. ತಾನಿಲ್ಲದೆ ಕಾರ್ಖಾನೆ ನಡೆಯದು ಎಂದು ತೋರಿಸುವ ಮುದುಕನ ಆಟ! ಕೊರಿನ್‌ಗೆ ಮೈ ಉರಿಯಿತು. ಈ ಬೇಸಿಗೆಯಲ್ಲಿ ಹಗಲಿನ ಕರೆಂಟಿನ ಖರ್ಚು ಇಳಿಯದಿದ್ದರೆ ಮಾಲೀಕರು ತೊಟ್ಟಿಯನ್ನೂ ಅವಳನ್ನೂ ಒಟ್ಟಿಗೇ ಸಾಗಹಾಕುವವರಿದ್ದರು.

"ಏನ್ ನಡೀತಿದೆ ಅಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಓರ್ವಿಲ್ ಪೈಪನ್ನು ಬೆನ್ನ ಹಿಂದೆ ಸರಿಸಿದ.

"ಏನಿಲ್ಲ ಮೇಡಂ. ಈ ತೊಟ್ಟಿ ನೀರಿನ ವಿಷಯ ನಿಮ್ಹತ್ರ ಒಂದ್ಮಾತು..."

"ನೀರಿನ ವಿಷಯ ನಂಗೆ ಪಾಠ ಬೇಡ. ಏನ್ ಮಾಡ್ಬೇಕೋ ಬಂದ ದಿನಾನೇ ಮಾಡಿದೀನಿ."

"ಅದು ಗೊತ್ತು," ಅಂದ ಓರ್ವಿಲ್, ತಲೆ ಕೆರೆದುಕೊಳ್ಳುತ್ತ.

"ಮೀನು ಹಿಡಿಯೋಕೆ ಇನ್ಮೇಲೆ ಬೇಕಾದಷ್ಟು ಟೈಮ್ ಸಿಗತ್ತೆ. ಬೀಗದ ಕೈ ಕೊಟ್ಟು ಹೊರಡಿ."

ನಿವೃತ್ತಿಗೆ ಇನ್ನು ಎಂಟೇ ತಿಂಗಳಿತ್ತು. ಅವನು ಬೀಗದ ಕೈ ತೆಗೆದು ಅವಳ ಕೈಗಿಟ್ಟ. ಆಮೇಲೆ ಟೋಪಿ ಹಾಕಿಕೊಂಡು ಹೊರಟುಹೋದ.

ಮರುದಿನ ಹತ್ತು ಗಂಟೆಗೇ ಐಸ್ ಮುಗಿಯಿತು. ಹಾಲು ಬೆಚ್ಚಗಾಗತೊಡಗಿತು. ಹೋಗುವಾಗಲೂ ಕೈಚಳಕ ತೋರಿಸಿಯೇ ಹೋಗಿದ್ದಾನೆ! ಸಾಕ್ಷಿ ಬೇಕೆಂದು ಕೊರಿನ್, ಕಾರ್ಖಾನೆ ತೊಳೆಯುವ ಮಾರ್ಲಿಸ್‌ಳನ್ನು ಕರೆಸಿದಳು.

"ನಿನ್ನೆ ಸಂಜೆ ತೊಟ್ಟಿ ಮುಟ್ಟಿದ್ದು ಯಾರು? ಹೆದರ್ಬೇಡ, ಹೇಳು."

"ನಾನೇ ಮೇಡಂ. ನೀರು ಇಳಿದಿದೆ, ದಿನಾ ಸಂಜೆ ಕೆಂಪು ಗೆರೆವರೆಗೂ ತುಂಬ್ಸು ಅಂತ ಬಂದ ದಿನ ನೀವೇ ಹೇಳಿದ್ರಲ್ಲ. ನಿಮ್ಮಾತು ಮೀರಿದ್ರೆ ನನ್ನ ಕೆಲ್ಸ ಹೋಗತ್ತೆ ಅಂತ ನನ್ನನ್ನ ತಡೀದೆ, ನಾನು ತುಂಬಿಸಿ ಹೋದ್ಮೇಲೆ ಅಷ್ಟನ್ನೂ ಪೈಪಲ್ಲಿ ಹೊರಗೆ ಬಿಡ್ತಿದ್ದೋನು ಓರ್ವಿಲ್."