ಸರ್ವಮಂಗಳತ್ತೆಯ ಒಂಟಿ ಸೀನು

ಕೈಯಲ್ಲಿರುವ ಕೆಲಸ ಬಿಟ್ಟು ಓದಿ... ವಿಷಯ ಬಹಳ ಗಂಭೀರವಾದದ್ದು. ಒಂದು ಸೀನು.

ತುಮಕೂರಿನ ಸರ್ವಮಂಗಳತ್ತೆ, ಅಣ್ಣನ ತಾಯಿಯಿಲ್ಲದ ಮಗಳು ಮಧುರಾಳನ್ನು ಎತ್ತಿ ಆಡಿಸಿ ಬೆಳೆಸಿದವರು. ಆದರೆ ಮಧುರಾಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಮಾತ್ರ ಅವರಿಗೆ ಹಿತ್ತಲೇ ಗತಿ...

ಕಾರಣ ಇಷ್ಟೆ. ನೆಂಟರು ಬರುತ್ತಾರೆಂದರೆ ಅಟ್ಟದ ಮೇಲಿನ ಜಮಖಾನ ಕೆಳಗಿಳಿಯುತ್ತದೆ. ಅದನ್ನು ಕೊಡವಿದರೆ ಅತ್ತೆಗೆ ಸೀನು. ಮೊದಲ ಸಂಬಂಧದವರು ಇನ್ನೇನು "ಒಪ್ಪಿಗೆ" ಎನ್ನಬೇಕು, ಅಷ್ಟರಲ್ಲಿ ಅತ್ತೆ ಒಂದೇ ಒಂದು ಸಲ ಸೀನಿದರು.

ಒಂಟಿ ಸೀನು. ಅಪಶಕುನ. ಬಂದವರು ಕಾಫಿಯನ್ನೂ ಮುಗಿಸದೆ ಎದ್ದರು.

"ಧೂಳಿಗೆ ಬಂತು ಕಣಣ್ಣ."

"ಧೂಳು ನಮ್ಮ ಮೂಗಿಗೂ ಹೋಗುತ್ತೆ. ನಾವೇನು ಸೀನ್ತೀವಾ?" ಎಂದರು ಅಣ್ಣ ಗಂಗಾಧರಯ್ಯ. ಅಂದಿನಿಂದ ಗಂಡಿನ ಕಡೆಯವರು ಬಂದಾಗಲೆಲ್ಲ ತಂಗಿಯನ್ನು ಹಿತ್ತಲಿಗೆ ಕಳಿಸತೊಡಗಿದರು.

ಅತ್ತೆಗಿದ್ದದ್ದು ಒಂದೇ ಆಸೆ... ಮಧುರಾಳ ಮದುವೆಯ ಮಾತು ನಡೆಯುವಾಗ ಅವಳ ಪಕ್ಕ ಕೂರಬೇಕು.

ಮಧುರಾ ಅವರನ್ನು ಅಲರ್ಜಿ ಡಾಕ್ಟರ ಬಳಿ ಕರೆದೊಯ್ದಳು. ಕೈಮೇಲೆ ಚುಚ್ಚಿ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುವಿನ ಅಲರ್ಜಿ.

"ಆ ಹುಳುವಿನ ಅಂಶವನ್ನೇ ಇಂಜೆಕ್ಷನ್ ಕೊಡ್ತೀವಮ್ಮ. ಮೊದಲು ಚೂರೇ ಚೂರು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ."

"ಅದ್ರಿಂದಲೇ ಸೀನು ಬರೋದು, ಅದನ್ನೇ ಕೊಡ್ತೀರಾ ಡಾಕ್ಟ್ರೇ?"

"ನಿಮ್ಮ ಮೈಯ ರಕ್ಷಣಾ ವ್ಯವಸ್ಥೆ ಹೊಸ ವಾಚ್‌ಮನ್ ಥರ. ಹಾಲಿನವನು ಬಂದ್ರೂ ಕಳ್ಳ ಅಂತ ಸೀಟಿ ಊದ್ತಾನೆ. ದಿನಾ ನೋಡ್ತಾ ನೋಡ್ತಾ ಸುಮ್ಮನಾಗ್ತಾನೆ. ಟೈಮ್ ಬೇಕು, ಮೂರು ವರ್ಷ ಆದ್ರೂ ಆಗುತ್ತೆ. ಪೂರ್ತಿ ಹೋಗದಿದ್ರೂ ಎಷ್ಟೋ ಕಮ್ಮಿಯಾಗುತ್ತೆ."

ಅಣ್ಣನಿಗೆ ನಗು. "ಧೂಳು ಚುಚ್ಚಿಸ್ಕೊಳ್ಳೋಕೆ ಆಸ್ಪತ್ರೆಗೆ ಯಾಕೆ ಹೋಗ್ಬೇಕು? ನಮ್ಮ ಅಟ್ಟದಲ್ಲೇ ಬೇಕಾದಷ್ಟಿದೆ, ಪುಕ್ಕಟೆ."

ಅತ್ತೆ ಬಿಡಲಿಲ್ಲ. ಚುಚ್ಚಿಸಿಕೊಂಡಾಗೆಲ್ಲ ತೋಳು ಊದಿ ತುರಿಸುತ್ತಿತ್ತು. ಮೈಗೆ ಏನಾದರೂ ಹೆಚ್ಚುಕಡಿಮೆಯಾದರೆ ಎಂದು ಡಾಕ್ಟರು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತಿದ್ದರು. ಮೊದಮೊದಲು ಸೀನು ಹಾಗೇ ಇತ್ತು... ಬರಬರುತ್ತಾ ಕಸ ಗುಡಿಸಿದರೂ ಮೂಗು ಸುಮ್ಮನಿರತೊಡಗಿತು.

ಇನ್ನೊಂದು ಸಂಬಂಧ ಬಂತು.

"ಅತ್ತೆ ನನ್ನ ಪಕ್ಕ ಕೂರ್ಬೇಕು ಅಪ್ಪ. ಇಲ್ದಿದ್ರೆ ನಾನೂ ಹಿತ್ತಲಲ್ಲೇ ಇರ್ತೀನಿ. ಗಂಡು ಅಲ್ಲಿಗೇ ಬಂದು ನೋಡ್ಲಿ," ಎಂದಳು ಮಧುರಾ.

ಜಮಖಾನ ಹಾಸಿದ್ದಾಯಿತು. ಅತ್ತೆ ಕೂತದ್ದೂ ಆಯಿತು. ಗಂಗಾಧರಯ್ಯನವರು ಗಂಡಿನ ಮುಖ ನೋಡಲೇ ಇಲ್ಲ. ಅವರ ಕಣ್ಣೆಲ್ಲ ತಂಗಿಯ ಮೂಗಿನ ಮೇಲೆ.

"ನಮಗೆ ಹುಡುಗಿ..." ಎಂದು ಗಂಡಿನ ತಂದೆ ಬಾಯಿ ತೆರೆದರು.

ಸೀನು. ಗೋಡೆ ನಡುಗುವಂಥ ಒಂಟಿ ಸೀನು.

ಸೀನಿದವರು ಗಂಡಿನ ತಂದೆಯೇ.

ಗಂಗಾಧರಯ್ಯ ತಡಮಾಡಲಿಲ್ಲ. "ಏನಿಲ್ಲ ಬೀಗ್ರೇ, ಧೂಳು. ಧೂಳಿಗೆ ಯಾರಿಗಾದ್ರೂ ಸೀನು ಬರುತ್ತೆ. ಇದಕ್ಕೆಲ್ಲ ಶಕುನ ನೋಡ್ತಾರಾ?"

ಅಷ್ಟು ಹೇಳಿ ತಂಗಿಯ ಕಡೆ ತಿರುಗಿದರು. ಅತ್ತೆಯ ಕಣ್ಣಲ್ಲಿ ನೀರು...

"ಏನ್ ಮಂಗಳಾ, ಅಲರ್ಜಿನಾ?"

"ಇಲ್ಲಣ್ಣ. ಈ ಮಾತು ಮೊದಲೇ ಆಡಿದ್ರೆ ನಾನು ಇಷ್ಟು ಸೂಜಿ ಚುಚ್ಚಿಸ್ಕೋಬೇಕಿರಲಿಲ್ಲ."

ಅಣ್ಣ ತಲೆ ತಗ್ಗಿಸಿದರು. ಅತ್ತೆ ಬೀಗರಿಗೆ ಡಾಕ್ಟರ ವಿಳಾಸ ಹೇಳಿದರು. ಸಂಬಂಧ ಕುದುರಿತು.

*ಮೈ ತನ್ನ ತಪ್ಪು ಭಯವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ... ಮನಸ್ಸು ಬಿಡಬೇಕಾದರೆ ಬೀಗರೇ ಸೀನಬೇಕು.*

ನಿಮ್ಮ ಮನೆಯ ಹಿತ್ತಲಲ್ಲಿ ನೀವು ಯಾರನ್ನು ಕೂರಿಸಿದ್ದೀರಿ?