ಎಬ್ಬಿಸುವವರು

ವಿಶ್ವವಿದ್ಯಾಲಯದ ಉತ್ತರ ಬರುವವರೆಗೆ ಮಕ್ಕಳನ್ನು ನಿದ್ದೆಮನೆಯಲ್ಲಿ ಮಲಗಿಸಿಡುವುದು ಈಗ ಎಲ್ಲರೂ ಮಾಡುವುದೇ. ಕಾಯುವ ಸಂಕಟ ಅವರಿಗೇಕೆ? ಸೀಟು ಸಿಕ್ಕಿದರೆ ತಾಯಿ ಎಬ್ಬಿಸುತ್ತಾಳೆ, ಸಿಗದಿದ್ದರೆ ನರ್ಸು. ಕಣ್ಣು ಬಿಟ್ಟ ಕೂಡಲೇ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮಲಗಿದ್ದ ಮಗಳು ಮೇದಿನಿಯ ತಲೆಗೆ ಸುಗುಣ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಾಗ ನರ್ಸ್ ಫಿಲೋಮಿನಾ ಬಂದು ಪಕ್ಕದಲ್ಲಿ ನಿಂತಳು.

“ಉತ್ತರ ಬಂತು ಅಕ್ಕಾ. ನೀವು ಸ್ವಲ್ಪ ಹೊರಗಿರಿ, ನಾನೇ ಎಬ್ಬಿಸ್ತೀನಿ.”

“ತಡೀರಿ, ಜಡೆ ಮುಗಿಸ್ಬಿಡ್ತೀನಿ,” ಎಂದಳು ಸುಗುಣ.

ರಿಬ್ಬನ್ ಕಟ್ಟಿದಳು. ಬಳೆ ಸದ್ದಾಗದಂತೆ ಕೈ ಅದುಮಿ ಹಿಡಿದು ಬಾಗಿಲಾಚೆ ಹೋಗಿ ನಿಂತಳು.

ತುಸು ಹೊತ್ತಿಗೆ ಒಳಗಿನಿಂದ ಮಗಳ ಧ್ವನಿ ಕೇಳಿಸಿತು.

“ಸಿಸ್ಟರ್, ನಾನಿನ್ನೂ ಎದ್ದಿಲ್ಲ ಅಂದ್ಕೊಳ್ಳಿ. ಅಮ್ಮ ಬಂದು ಎಬ್ಬಿಸ್ಲಿ.”