ಗರಸಿನ ದಾರಿಯ ತುಂಬೆ

ಉಪ್ಪಿನಕಾಯಿಗೆಂದು ಉಪ್ಪುನೀರು ಕುದಿಸುವಾಗಲೆಲ್ಲ ಕಾಮಗೆರೆಯ ನಮ್ಮ ಮನೆಯ ಮುಂದಿನ ಗರಸಿನ ದಾರಿ ಕಣ್ಣಮುಂದೆ ಬರುತ್ತದೆ.

ಆ ದಾರಿಯ ಬಾಯಲ್ಲೇ ತುಂಬೆಗಿಡಗಳು ಒತ್ತಾಗಿ ಬೆಳೆದಿದ್ದವು. ಅಜ್ಜಿ ತನ್ನ ಲಿಂಗಪೂಜೆಗೆ ದಿನವೂ ಅವುಗಳ ಹೂವನ್ನೇ ಬಿಡಿಸುತ್ತಿದ್ದಳು. ಅವನ್ನು ಕಿತ್ತರೆ ಎತ್ತಿನಗಾಡಿ ಒಳಗೆ ತರಬಹುದೆಂದು ಅಪ್ಪ ಎಷ್ಟು ಸಲ ಕೇಳಿದ್ದನೋ.

"ಶಿವ್ನ ಊವ ಕಣ್ಲಾ ಅದು, ಮುಟ್ಬ್ಯಾಡ" ಎಂದು ಅಜ್ಜಿ ಗದರುತ್ತಿದ್ದಳು. ಅಪ್ಪ ಗಾಡಿಯನ್ನು ಬೀದಿಯಲ್ಲೇ ಬಿಟ್ಟು, ರಾಗಿ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ.

ಮೈಸೂರಿನ ದೊಡ್ಡಪ್ಪ ಹೊಸ ಕಾರಿನಲ್ಲಿ ಬರುತ್ತಾರೆಂದು ಗೊತ್ತಾದ ಮಧ್ಯಾಹ್ನ ಅಜ್ಜಿ ನನ್ನನ್ನು ಕಳೆ ಕೀಳಲು ಕೂರಿಸಿದಳು. ಕಾದ ಗರಸು ಮಂಡಿಗೆ ಒತ್ತುತ್ತಿತ್ತು. ಗರಿಕೆ, ಕೊನ್ನಾರಿಗಳನ್ನೆಲ್ಲ ಕುಡುಗೋಲಿನ ತುದಿಯಿಂದ ಮೀಟಿ ಕಿತ್ತೆ. ತುಂಬೆಯ ಬುಡದಲ್ಲಿ ಮಾತ್ರ ಬೇರು ಅಲುಗದಂತೆ, ಹುಲ್ಲನ್ನು ಉಗುರಿನಿಂದ ಒಂದೊಂದಾಗಿ ತೆಗೆದೆ.

ಅಷ್ಟರಲ್ಲಿ ಅಜ್ಜಿ ಕುದಿಯುವ ಉಪ್ಪುನೀರಿನ ತಪ್ಪಲೆ ಹಿಡಿದು ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ತುಂಬೆಗಳ ಮೇಲೆ ಸುರಿದಳು. ಬೆಂದ ಸೊಪ್ಪಿನ ವಾಸನೆ ಎದ್ದಿತು. ಬಿಳಿ ಹೂಗಳು ನನ್ನೆದುರೇ ಕಂದಿ ಬಾಗಿದವು.

"ಶಿವ್ನ ಊವ ಅಂತಿದ್ದಲ್ಲಜ್ಜಿ" ಎಂದೆ.

"ದೊಡ್ಡೋನ್ ಕಾರು ಒಳೀಕೆ ಬರ್ಬ್ಯಾಡ್ವಾ ಮಗ" ಎಂದಳು.

ಅಪ್ಪ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ.

ಮರುದಿನ ಅಜ್ಜಿಯ ಪೂಜೆ ದೊಡ್ಡಪ್ಪ ತಂದ ಮಲ್ಲಿಗೆಯಲ್ಲಿ ನಡೆಯಿತು. ಸಂಜೆ ಕಾರು ಹೊರಟುಹೋಯಿತು. ದಾರಿ ಈಗ ಬೋಳಾಗಿತ್ತು, ಎರಡು ಗಾಡಿ ನುಗ್ಗುವಷ್ಟು ಅಗಲವಾಗಿತ್ತು. ಸುಗ್ಗಿಯಲ್ಲಿ ಅಪ್ಪ ಗಾಡಿಯನ್ನು ಬೀದಿಯಲ್ಲೇ ಬಿಟ್ಟು, ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ತಂದ.